ಇಶಾಪುರದ 2ಎ1 ರೈಫಲ್: ಮರ ನೋಡಿ ಮರುಳಾಗಬೇಡಿ, ಬೋಲ್ಟ್ ನೋಡಿ

ಅಮೆರಿಕದಲ್ಲಿ ಹಳೆ ಮಿಲಿಟರಿ ರೈಫಲ್ ಕೊಳ್ಳಬೇಕು ಅಂದರೆ ಎಲ್ಲರೂ ರಷ್ಯಾದ ಮೋಸಿನ್ ಅನ್ನುತ್ತಾರೆ, ಇಲ್ಲ ಮೌಸರ್ ಅನ್ನುತ್ತಾರೆ. ನಾನು ಕೊಂಡಿದ್ದು ನಮ್ಮ ದೇಶದ್ದೇ ಮಾಲು. ಕೋಲ್ಕತ್ತ ಹತ್ತಿರದ ಇಶಾಪುರ ರೈಫಲ್ ಫ್ಯಾಕ್ಟರಿಯ 2ಎ1. ಟೆಕ್ಸಾಸ್‌ನಲ್ಲಿದ್ದೇನೆ. ರೇಂಜಿಗೆ ಹೋದಾಗಲೆಲ್ಲ ಕೆಲವು ವರ್ಷದಿಂದ ಇದೇ ಜೊತೆಗಿರುತ್ತದೆ. ಚೆನ್ನಾಗಿದೆ, ಮಾರುವ ಯೋಚನೆಯೇ ಇಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಕೊಳ್ಳುವ ಬಂದೂಕಲ್ಲ.

ಊರಲ್ಲಿ ಪೊಲೀಸರ ಹೆಗಲ ಮೇಲೆ, ಎನ್‌ಸಿಸಿ ಪರೇಡಿನಲ್ಲಿ ತ್ರೀ ನಾಟ್ ತ್ರೀ ನೋಡಿರ್ತೀರಲ್ವಾ? ಇದೂ ಅದೇ ವಂಶ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಬೀಳ್ಕೊಟ್ಟರಲ್ಲ, ಅದೇ ಲೀ-ಎನ್‌ಫೀಲ್ಡ್. 1962ರ ಚೀನಾ ಯುದ್ಧದ ನಂತರ ಆ ಬೋಲ್ಟ್ ರೈಫಲನ್ನೇ (ಗುಂಡನ್ನು ಒಳಗೆ ಕೂರಿಸಿ ಹಿಂದಿನಿಂದ ಮುಚ್ಚುವ, ಕೈಯಲ್ಲೇ ಎಳೆದು ತಳ್ಳುವ ಉಕ್ಕಿನ ಸರಳೇ ಬೋಲ್ಟ್) 7.62 ಮಿ.ಮೀ. ನೇಟೋ ಗುಂಡಿಗೆ ಹೊಂದಿಸಿ ಇಶಾಪುರದಲ್ಲಿ 2ಎ ಅಂತ ಮಾಡಿದರು. ಅದರ ಸೈಟ್ (ಗುರಿ ಹಿಡಿಯುವ ಪಟ್ಟಿ) 2000 ಗಜದವರೆಗಿತ್ತು. ಅಷ್ಟು ದೂರ ಯಾರು ಹೊಡೀತಾರೆ? ಅದನ್ನು 800 ಮೀಟರಿಗೆ ಇಳಿಸಿದ್ದು 2ಎ1. ಹಳೆ 303ಯ ನಳಿಗೆ ಬದಲಾಯಿಸಿ ಮಾಡಿದ್ದು ಅಂತ ಗನ್ ಶೋಗಳಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಇನ್ನೂ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ತಯಾರಾದದ್ದು. ದೂರದಿಂದಲೇ ಗುರುತು ಸಿಗುತ್ತದೆ: ಚೌಕಾಕಾರದ 12 ಗುಂಡಿನ ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ), ಅದರ ಮುಂದೆ ಮರದಲ್ಲಿ ಅಡ್ಡಡ್ಡ ಒಂದು ಸ್ಕ್ರೂ.

ನಾನು ಹೋದ ಅಂಗಡಿಯಲ್ಲಿ ಎರಡು 2ಎ1 ಇದ್ದವು. ಒಂದರ ಮರ ಫಳಫಳ ಹೊಳೆಯುತ್ತಿತ್ತು. ಯಾರೋ ಉಜ್ಜಿ ಪಾಲಿಶ್ ಹೊಡೆದಿದ್ದರು, ಮರದ ಮೇಲಿದ್ದ ಗುರುತುಗಳೆಲ್ಲ ಮಾಯ. ಅಂಗಡಿಯವನು ‘ಎಲ್ಲಾ ನಂಬರ್ ಮ್ಯಾಚಿಂಗ್’ ಅಂದ. ಬೋಲ್ಟಿನ ಹಿಡಿ ಮೇಲಿನ ನಂಬರೇ ಬೇರೆ, ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟು, ಅಂದರೆ ರಿಸೀವರ್ ಮೇಲಿನದೇ ಬೇರೆ. ತೋರಿಸಿದರೆ ‘ಅದೇನೂ ಆಗಲ್ಲ’ ಅನ್ನೋ ಉತ್ತರ ಬಂತು. ಆಗುತ್ತದೆ ಸ್ವಾಮಿ. ಈ ರೈಫಲಿನಲ್ಲಿ ಬೋಲ್ಟನ್ನು ಹಿಡಿದಿಡುವ ಗೂಟ, ಅಂದರೆ ಲಗ್, ಇರುವುದು ಹಿಂದೆ. ಆ ಬೋಲ್ಟು ಆ ರಿಸೀವರಿಗೇ ಕೂರಬೇಕು. ಕೂರದಿದ್ದರೆ ಗುಂಡಿನ ಹಿಂದೆ ಸಂದು ಉಳಿಯುತ್ತದೆ, ಹೊಡೆದಾಗ ಗುಂಡಿನ ಹಿತ್ತಾಳೆಯ ಕೇಸು (ಹೊರಕವಚ) ಜಗ್ಗಿ ಸೀಳಬಹುದು. ಎರಡನೆಯದರ ಮೇಲೆ ಕಪ್ಪು ಬಣ್ಣ ಎದ್ದು ಹೋಗಿತ್ತು, ಮರದ ತುಂಬ ಗೀರು. ಆದರೆ ನಂಬರ್ ಹೊಂದುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೆರೆಗಳು ಚೂಪಾಗಿದ್ದವು. ಅದನ್ನೇ ತಗೊಂಡೆ, ನಾಲ್ಕು ನೂರು ಡಾಲರ್ ಚಿಲ್ಲರೆ ಆಯಿತು. ತಂದ ಮೇಲೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಆ ಸಂದು ಅಳೆಯುವ ಹೆಡ್‌ಸ್ಪೇಸ್ ಗೇಜ್ ಹಾಕಿಸಿದೆ. ‘ಗೋ’ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಮೇಲೆ ಮುಚ್ಚಬಾರದು. ಇದಕ್ಕೆ ಕೊಡುವ ದುಡ್ಡಿಗೆ ಜಿಪುಣತನ ಮಾಡಬೇಡಿ.

ಕಾಗದಪತ್ರ ಸುಲಭ. ಬಂದೂಕು ಕೊಳ್ಳುವವರ ಸರ್ಕಾರಿ ಅರ್ಜಿ ಫಾರ್ಮ್ 4473 ತುಂಬಿ, ಹಿನ್ನೆಲೆ ತಪಾಸಣೆ ಆದರೆ ಮುಗೀತು. 50 ವರ್ಷ ದಾಟಿದ ಬಂದೂಕಾದ್ದರಿಂದ ಸಂಗ್ರಾಹಕರ ಲೈಸೆನ್ಸ್ ಇದ್ದರೆ ಮನೆಗೇ ತರಿಸಿಕೊಳ್ಳಬಹುದು. ನಮ್ಮವರು ಗಮನಿಸಬೇಕಾದ್ದು ಒಂದಿದೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ, ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವುದೇ ನಿಷಿದ್ಧ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ.

ಗ್ರೀಸ್ ತೆಗೆಯುವುದು ದೊಡ್ಡ ಕೆಲಸ. ದಾಸ್ತಾನಿಡುವಾಗ ಬಳಿದ ಕಾಸ್ಮೊಲಿನ್ ಹಲಸಿನ ಅಂಟಿನ ಹಾಗೆ, ಒಂದು ಕಡೆ ಒರೆಸಿದರೆ ಇನ್ನೊಂದು ಕಡೆ ಅಂಟಿರುತ್ತದೆ. ಲೋಹದ ಭಾಗಗಳಿಗೆ ಮಿನರಲ್ ಸ್ಪಿರಿಟ್ ಸಾಕು. ಮರವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೆಕ್ಸಾಸ್ ಬಿಸಿಲಿಗಿಟ್ಟೆ. ತಾನಾಗಿ ಇಳಿಯಿತು. ಅದೆಲ್ಲ ಹೋದ ಮೇಲೆ ಬೋಲ್ಟಿನ ಹಿಂದಿನ ಉಕ್ಕಿನ ಪಟ್ಟಿ ಮೇಲೆ ಅಶೋಕನ ಸಿಂಹ, ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ), ಇಸವಿ ಎಲ್ಲ ಕಾಣಿಸಿದವು. ಮರಳು ಕಾಗದ ಮಾತ್ರ ತಾಗಿಸಲಿಲ್ಲ.

ಹೊಡೆಯುವ ಸುಖ ಪೂರ್ತಿ ಬೋಲ್ಟಿನಲ್ಲಿದೆ. ಹಿಡಿ 60 ಡಿಗ್ರಿ ಎತ್ತಿದರೆ ಸಾಕು, ಕೆನ್ನೆ ಮರದಿಂದ ಎತ್ತುವ ಹಾಗೇ ಇಲ್ಲ. ಸ್ಪ್ರಿಂಗ್ ಬಿಗಿಯಾಗುವುದು ಮುಚ್ಚುವಾಗ, ತೆಗೆಯುವಾಗಲ್ಲ. ಮೌಸರ್ ಕೈಯವರಿಗೆ ಆ ಕೊನೆಯ ಒಂದಿಂಚಿನ ತಳ್ಳು ಮೊದಲು ವಿಚಿತ್ರ ಅನಿಸುತ್ತದೆ. ಆಮೇಲೆ ಕೈ ತಾನೇ ಓಡುತ್ತದೆ. ಇನ್ನೊಂದು ಲಾಭ: 303 ಗುಂಡಿಗೆ ಬುಡದಲ್ಲಿ ಅಂಚಿರುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ. 7.62ಕ್ಕೆ ಆ ರಗಳೆಯಿಲ್ಲ. ಮೇಲಿಂದ ಒಂದೊಂದಾಗಿ ಒತ್ತುತ್ತಾ ಹೋಗಿ.

ಗುರಿ? 100 ಗಜಕ್ಕೆ, ಒರಗಿ ಕೂತು ಹೊಡೆದರೆ, ನನಗೆ ಅಂಗೈ ಅಗಲದಲ್ಲಿ ಬೀಳುತ್ತವೆ. ಸ್ವಲ್ಪ ಮೇಲೆ ಬೀಳುತ್ತವೆ, ಅದಕ್ಕೆ ಕಪ್ಪು ವೃತ್ತದ ಬುಡಕ್ಕೆ ಹಿಡಿಯುತ್ತೇನೆ. ಟ್ರಿಗರ್ ಎರಡು ಹಂತದ್ದು. ಮೊದಲ ಹಂತ ಹಗುರ, ಎರಡನೆಯದು ಭಾರ. ತೂಕ ನಾಲ್ಕೂವರೆ ಕೆ.ಜಿ. ಮೇಲಿದ್ದರೂ ಹೆಗಲಿಗೆ ಒದೆತ ಗೊತ್ತಾಗುತ್ತದೆ. ಹಿಂದೆ ಲೋಹದ ಪಟ್ಟಿ, ರಬ್ಬರ್ ಗಿಬ್ಬರ್ ಏನೂ ಇಲ್ಲ. ಮಾರನೇ ದಿನ ಬ್ಯಾಗ್ ಹೆಗಲಿಗೇರಿಸುವಾಗ ನೆನಪಾಗುತ್ತದೆ.

ನಮ್ಮ ಮಾವ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಬಂದಿದ್ದು ವಿಸಿಟರ್ ವೀಸಾದಲ್ಲಿ, ಹಾಗಾಗಿ ರೇಂಜಿನಲ್ಲಿ ಮುಟ್ಟುವ ಹಾಗಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತರು. ‘ಅಳಿಯಂದಿರೇ, ಮೊಣಕೈ ಒಳಗೆ ತಗೊಳ್ಳಿ. ಉಸಿರು ಅರ್ಧ ಬಿಡಿ. ಟ್ರಿಗರ್ ಎಳೀಬೇಡಿ, ಒತ್ತಿ’ ಅಂತ ಶುರು ಮಾಡಿದರು. ಪಕ್ಕದ ಲೇನಿನವರು ಕನ್ನಡ ತಿಳಿಯದಿದ್ದರೂ ಡ್ರಿಲ್ ಅಂತ ಅರ್ಥ ಮಾಡಿಕೊಂಡರು. ಅವತ್ತು ಗುಂಡುಗಳು ಹತ್ತಿರ ಹತ್ತಿರ ಬಿದ್ದವು. ಮಾವನಿಗೆ ಮಾತ್ರ ಆ ಚೌಕ ಮ್ಯಾಗಜೀನ್ ಹಿಡಿಸಲಿಲ್ಲ. ‘303 ಅಂದರೆ 303 ಕಣ್ರೀ’ ಅಂದರು.

ಗುಂಡಿನ ವಿಷಯಕ್ಕೆ ಬಂದರೆ ಜಗಳವೇ ಇದೆ. ಅಂಗಡಿಯಲ್ಲಿ ಸಿಗುವ 308 ವಿಂಚೆಸ್ಟರ್ ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ, ಹಾಕಬಹುದು ಅಂತ ಕೆಲವರು. ಬೇಡ ಅಂತ ಕೆಲವರು. ನಾನು 7.62 ನೇಟೋ ಅಂತ ಬರೆದಿರುವುದನ್ನೇ ಹಾಕುತ್ತೇನೆ. ಬಲವಾದ ಬೇಟೆ ಗುಂಡು ಈ ವಯಸ್ಸಿನ ರೈಫಲಿಗೆ ಯಾಕೆ? ಹೊಡೆದ ಮೇಲೆ ಕೇಸು ಕೈಗೆತ್ತಿಕೊಂಡು ನೋಡಿ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅವತ್ತಿಗೆ ಬಂದೂಕು ಕೆಳಗಿಡಿ, ಗೇಜ್ ಹಾಕಿಸದೆ ಮತ್ತೆ ಎತ್ತಬೇಡಿ. ಖರ್ಚೂ ಇದೆ. ಒಂದು ಗುಂಡಿಗೆ ಒಂದು ಡಾಲರ್ ಆಸುಪಾಸು, ಹಾಗಾಗಿ ಸುಮ್ನೆ ಢಂ ಢಂ ಅನ್ನಿಸುವವರಿಗೆ ಇದು ಬೇಡ.

ಊರಲ್ಲಿ ಕೊಳ್ಳಬಹುದಾ ಅಂತ ಕೇಳುವ ಸ್ನೇಹಿತರಿಗೆ: ಆಗಲ್ಲ. 303, 7.62 ಎರಡೂ ಅಲ್ಲಿ ಸೈನ್ಯ, ಪೊಲೀಸರ ಬೋರ್ (ನಳಿಗೆ-ಗುಂಡಿನ ಅಳತೆ), ಸಾಮಾನ್ಯರಿಗೆ ನಿಷಿದ್ಧ. ಲೈಸೆನ್ಸ್ ಇದ್ದವರಿಗೆ ಸಿಗುವ .315 ಸ್ಪೋರ್ಟಿಂಗ್ ರೈಫಲ್ ಇದೇ ಇಶಾಪುರದ್ದು. ಒಳಗಿನ ಬೋಲ್ಟೂ ಇದೇ ಜಾತಿ.

ಈಗ ನನ್ನ ತಲೆನೋವು ಮ್ಯಾಗಜೀನ್. 303ಯ ಮ್ಯಾಗಜೀನ್ ಇದಕ್ಕೆ ಹೊಂದುವುದಿಲ್ಲ, 2ಎ1ದೇ ಬೇಕು. ಸಿಗುವುದು ಅಪರೂಪ, ಸಿಕ್ಕರೆ ಬಾಯಿಗೆ ಬಂದ ರೇಟು. ಕೊಳ್ಳುವಾಗ ಮ್ಯಾಗಜೀನ್ ಸಮೇತ ಇದೆಯಾ, ಅದರ ಮೇಲಂಚು ಬಾಗಿಲ್ಲ ತಾನೇ ಅಂತ ಅಲ್ಲೇ ನೋಡಿಕೊಳ್ಳಿ. ಮ್ಯಾಗಜೀನ್ ಇಲ್ಲದ್ದನ್ನು 100 ಡಾಲರ್ ಕಡಿಮೆಗೆ ಕೊಡ್ತೀನಿ ಅಂದರೂ ನಾನಾದರೆ ತಗೊಳ್ಳಲ್ಲ.