ಲೋಗೋ ಬಂತು, ಆಮೇಲೆ ಕತ್ತಲೆ: ಲಿನಕ್ಸ್ ಪಿಸಿಯನ್ನು ಅಂಗಡಿಗೆ ಕೊಡುವ ಮುಂಚೆ ಓದಿ

ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇಟ್ಟುಕೊಂಡವರು, ಅದರಲ್ಲೂ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರು, ಐದು ನಿಮಿಷ ಕೊಡಿ. ಆನ್ ಮಾಡಿದಾಗ ಸ್ಕ್ರೀನ್ ಕಪ್ಪಾಗಿ ನಿಂತರೆ ಸಿಪಿಯು ಹೊತ್ತುಕೊಂಡು ರಿಪೇರಿ ಅಂಗಡಿಗೆ ಓಡಬೇಡಿ. ನಾನು ಓಡಿದೆ. 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿದ್ದ ಮೂರು ವರ್ಷದ ಕೆಲಸ ಹೋಯಿತು. ಆದರೆ ಕಂಪ್ಯೂಟರ್ ಕೆಟ್ಟೇ ಇರಲಿಲ್ಲ.

ನಾನಿರುವುದು ತುಮಕೂರಿನಲ್ಲಿ. ಮದುವೆ, ಗೃಹಪ್ರವೇಶಕ್ಕೆ ವಾಟ್ಸಾಪ್‌ನಲ್ಲಿ ಕಳಿಸುವ ಇನ್ವಿಟೇಷನ್ ವಿಡಿಯೊ ಮಾಡಿಕೊಡುತ್ತೇನೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕೆಲಸ, ಸಿಸ್ಟಂ ಉಬುಂಟು 22.04 (ಒಂದು ಬಗೆಯ ಲಿನಕ್ಸ್). ಉಬುಂಟು ಎಸ್‌ಎಸ್‌ಡಿಯಲ್ಲಿ, ಕೆಲಸದ ಫೈಲುಗಳು ಆ 1 ಟಿಬಿ ಡಿಸ್ಕ್‌ನಲ್ಲಿ. 2024ರ ಶ್ರಾವಣ, ಮದುವೆಗಳ ಸೀಸನ್. ಒಂದು ಸಂಜೆ ಗುಡುಗು ಜೋರಾಗಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಕುಯ್ಯೋ ಅಂದು ಅದೂ ಮಲಗಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದೆ. ಮದರ್‌ಬೋರ್ಡ್ ಕಂಪನಿಯ ಲೋಗೋ ಬಂತು. ಆಮೇಲೆ ಕಪ್ಪು. ಎಡಗಡೆ ಮೇಲೆ ಒಂದು ಸಣ್ಣ ಗೆರೆ ಮಿಣುಕುತ್ತಿತ್ತು, ಅಷ್ಟೇ. ಐದಾರು ಸಲ ಆಫ್ ಮಾಡಿ ಆನ್ ಮಾಡಿದೆ. ಅದೇ ಕಪ್ಪು, ಅದೇ ಗೆರೆ.

ಗುಡುಗಿಗೆ ಕಾರ್ಡ್ ಸುಟ್ಟಿದೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಈಗ ಯೋಚಿಸಿದರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಮಾನಿಟರ್ ಕೇಬಲ್ ಇದ್ದದ್ದೇ ಆ ಕಾರ್ಡಿಗೆ. ಕಾರ್ಡ್ ಸುಟ್ಟಿದ್ದರೆ ಲೋಗೋ ಎಲ್ಲಿಂದ ಬರಬೇಕು? ಮಾನಿಟರ್, ಕೇಬಲ್, ಕಾರ್ಡ್ ಮೂರೂ ಚಿತ್ರ ತೋರಿಸುತ್ತಿವೆ ಎಂದು ಆ ಲೋಗೋನೇ ಹೇಳುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಹತ್ತಿ ಆರುತ್ತಿತ್ತು. ಅಂದರೆ ಒಳಗೆ ಸಿಸ್ಟಂ ಎದ್ದು ಕೂತಿತ್ತು. ನಾನು ನೋಡಲಿಲ್ಲ.

ಬೆಳಿಗ್ಗೆ ಅಂಗಡಿಗೆ ಕೊಟ್ಟೆ. ಅಂಗಡಿಯ ಹೆಸರು ಹೇಳುವುದಿಲ್ಲ. ಹುಡುಗ ಒಳ್ಳೆಯವನೇ, ಆದರೆ ಅವನು ನೋಡಿದ್ದೆಲ್ಲ ವಿಂಡೋಸ್. ಮಧ್ಯಾಹ್ನ ಫೋನ್ ಬಂತು. ನಾನು ಆಗ ಕಸ್ಟಮರ್ ಮನೆಯಲ್ಲಿದ್ದೆ.

"ಸರ್, ಹಾರ್ಡ್ ಡಿಸ್ಕ್ ಕರಪ್ಟ್ ಆಗಿದೆ. ನಮ್ಮ ಸಿಸ್ಟಂಗೆ ಹಾಕಿದ್ರೆ ಏನೂ ತೋರಿಸ್ತಾ ಇಲ್ಲ. ಫಾರ್ಮ್ಯಾಟ್ ಮಾಡ್ಲಾ? ಡಿ ಡ್ರೈವ್‌ನಲ್ಲಿ ನಿಮ್ಮ ಫೈಲ್ ಇದ್ರೆ ಅದೇನೂ ಹೋಗಲ್ಲ ಬಿಡಿ."

"ಹ್ಞೂಂ, ನೋಡಿ ಮಾಡಪ್ಪ" ಅಂದೆ. ಈ ಮೂರು ಪದಕ್ಕೆ ಮೂರು ವರ್ಷ ಹೋಯಿತು.

ನನ್ನ ಡಿಸ್ಕ್‌ನಲ್ಲಿ ಸಿ, ಡಿ ಅಂತ ಏನೂ ಇರಲಿಲ್ಲ. ಅದು ಲಿನಕ್ಸಿನ ಎಕ್ಸ್ಟ್4 ಫಾರ್ಮ್ಯಾಟ್. ಮಾಮೂಲಿ ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ. ಫೈಲುಗಳೆಲ್ಲ ನೆಟ್ಟಗಿದ್ದರೂ ಅದರ ಕಣ್ಣಿಗೆ ಡಿಸ್ಕ್ ಖಾಲಿ ಅಥವಾ ಕೆಟ್ಟಿದ್ದು. ಕನ್ನಡ ಓದಲು ಬಾರದವರು ಪುಸ್ತಕದಲ್ಲಿ ಬರೀ ಗೀಚಿದ್ದಾರೆ ಅಂದ ಹಾಗೆ. ಸಂಜೆ ಆ ಹುಡುಗನೇ ಮತ್ತೆ ಫೋನ್ ಮಾಡಿ, "ದೊಡ್ಡ ಡಿಸ್ಕ್ ಆಯ್ತು ಸರ್, ಎಸ್‌ಎಸ್‌ಡಿನೂ ಹಾಗೇ ಇದೆ, ಅದನ್ನೂ ಮಾಡ್ತೀನಿ" ಅಂದಾಗ ನನಗೆ ಎಚ್ಚರವಾಯಿತು. ಬೈಕ್ ಹತ್ತಿ ಓಡಿದೆ. 500 ರೂಪಾಯಿ ಚೆಕಿಂಗ್ ಚಾರ್ಜ್ ಕೊಟ್ಟು ಎಲ್ಲವನ್ನೂ ವಾಪಸ್ ತಂದೆ. ಉಬುಂಟು ಇದ್ದ ಎಸ್‌ಎಸ್‌ಡಿ ಉಳಿದಿತ್ತು.

ರಾತ್ರಿ ಚಿಕ್ಕಪ್ಪನ ಮಗನಿಗೆ ಫೋನ್ ಹಚ್ಚಿದೆ. ಅವನು ಬೆಂಗಳೂರಲ್ಲಿ ಸರ್ವರ್ ನೋಡಿಕೊಳ್ಳುವವನು. ಕಥೆ ಪೂರ್ತಿ ಕೇಳಲೇ ಇಲ್ಲ. "ಅಣ್ಣಾ, ಆನ್ ಮಾಡು. ಲೋಗೋ ಹೋಗ್ತಿದ್ದ ಹಾಗೆ ಎಸ್ಕೇಪ್ ಒಂದು ಸಲ ಒತ್ತು" ಅಂದ. ಗ್ರಬ್ ಮೆನು, ಅಂದರೆ ಯಾವುದನ್ನು ಎಬ್ಬಿಸಲಿ ಎಂದು ಕೇಳುವ ಪಟ್ಟಿ, ಬಂತು. ಅದರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್'. ಒಳಗೆ ಕರ್ನಲ್‌ಗಳ ಪಟ್ಟಿ, ಮೇಲೆ ಹೊಸದು 6.8, ಕೆಳಗೆ ಹಳೆಯದು 6.5. ಕರ್ನಲ್ ಅಂದರೆ ಲಿನಕ್ಸಿನ ತಿರುಳು. "ಕೆಳಗಿನದ್ದು ಆರಿಸು, ರಿಕವರಿ ಅಂತ ಇರೋದು ಬೇಡ." ಎಂಟರ್ ಒತ್ತಿದೆ. ನನ್ನ ಡೆಸ್ಕ್‌ಟಾಪ್, ನನ್ನ ಮಗಳ ಫೋಟೊ ಸಮೇತ, ಎದುರಿಗೆ ಬಂದು ನಿಂತಿತು. ಒಂದು ನಿಮಿಷವೂ ಆಗಲಿಲ್ಲ. ಖುಷಿ ಆಗಬೇಕಿತ್ತು ಅಲ್ವಾ? ಅಳು ಬಂತು.

ಆಗಿದ್ದು ಇಷ್ಟು. ಬೇಸಿಗೆಯಲ್ಲಿ ಯಾವುದೋ ವಿಡಿಯೊ ನೋಡಿ, ರೆಂಡರ್ (ವಿಡಿಯೊದ ಚಿತ್ರಗಳು ತಯಾರಾಗುವ ಕೆಲಸ) ಬೇಗ ಆಗಲಿ ಎಂದು ಕಾರ್ಡನ್ನು ನಡೆಸುವ ಹೊಸ ಡ್ರೈವರನ್ನು ರನ್ ಫೈಲ್ (.run) ಆಗಿ ಡೌನ್‌ಲೋಡ್ ಮಾಡಿ ಕೈಯಾರೆ ಹಾಕಿದ್ದೆ. ಹಾಕುವಾಗ ಅದು ಡಿಕೆಎಂಎಸ್‌ಗೆ ಸೇರಿಸಲಾ ಎಂದು ಕೇಳಿತ್ತು. ಏನೆಂದು ಗೊತ್ತಾಗದೆ ಸುಮ್ನೆ 'ನೋ' ಒತ್ತಿದ್ದೆ. ಹೊಸ ಕರ್ನಲ್ ಬಂದಾಗಲೆಲ್ಲ ಡ್ರೈವರನ್ನು ಅದಕ್ಕೆ ತಕ್ಕ ಹಾಗೆ ಮತ್ತೆ ಕಟ್ಟುವುದು ಈ ಡಿಕೆಎಂಎಸ್ ಕೆಲಸ. ಅದಿಲ್ಲದೆ ನನ್ನ ಡ್ರೈವರ್ 6.5ಕ್ಕೆ ಮಾತ್ರ ಅಂಟಿಕೊಂಡಿತ್ತು. ಪರದೆಗೆ ಚಿತ್ರ ತರುವ ಎಕ್ಸ್ ಎಂಬ ಭಾಗಕ್ಕೆ ಕಾನ್ಫಿಗರೇಷನ್ ಫೈಲ್ ಬರೆಯಲಾ ಎಂದಿದ್ದಕ್ಕೆ 'ಎಸ್' ಒತ್ತಿದ್ದೆ. ಹಾಗಾಗಿ ಎನ್‌ವಿಡಿಯಾ ಡ್ರೈವರ್ ಬಿಟ್ಟು ಬೇರೆ ಯಾವುದರಲ್ಲೂ ಸ್ಕ್ರೀನ್ ಏಳುವಂತಿರಲಿಲ್ಲ. ಹೀಗೆ ಹಾಕುವಾಗ ಸಿಸ್ಟಂ ಜೊತೆ ಬರುವ ನೂವೋ ಡ್ರೈವರನ್ನೂ ತಡೆದು ಕೂರಿಸಿದ್ದೆ. ಕೇಳಿದ್ದನ್ನು ಓದದೆ ಒತ್ತಿದವನು ನಾನೇ, ಕಾರ್ಡ್ ಮೇಲೂ ಉಬುಂಟು ಮೇಲೂ ತಪ್ಪು ಹೊರಿಸುವುದಿಲ್ಲ.

ಹಾಗಾದರೆ ಗುಡುಗು? ಇದೇ ನನಗೆ ಮೋಸ ಮಾಡಿದ್ದು. 6.8 ಕರ್ನಲ್ ಅಪ್‌ಡೇಟಿನಲ್ಲಿ ಮುಂಚೆಯೇ ಬಂದು ಕೂತಿತ್ತು. 'ರೀಸ್ಟಾರ್ಟ್ ಮಾಡಿ' ಎಂದಾಗಲೆಲ್ಲ 'ಆಮೇಲೆ' ಒತ್ತುತ್ತಿದ್ದೆ. ರಾತ್ರಿ ಸಸ್ಪೆಂಡ್, ಬೆಳಿಗ್ಗೆ ಎಬ್ಬಿಸುವುದು. ಹೊಸ ಕರ್ನಲ್ ಕೆಲಸ ಶುರು ಮಾಡುವುದು ರೀಸ್ಟಾರ್ಟ್ ಆದ ಮೇಲೆ. ಆ ರೀಸ್ಟಾರ್ಟನ್ನು ನನ್ನ ಬದಲು ಕರೆಂಟ್ ಮಾಡಿತು, ಅಷ್ಟೇ. ನಿಮಗೂ ಹೀಗಾದರೆ 'ನಿನ್ನೆ ಏನಾಯಿತು' ಎಂದು ಕೇಳಿಕೊಳ್ಳಬೇಡಿ. ಹಿಂದಿನ ರೀಸ್ಟಾರ್ಟ್ ಆದಾಗಿನಿಂದ ಏನೇನು ಹಾಕಿದೆ ಎಂದು ಕೇಳಿಕೊಳ್ಳಿ.

ಎಸ್ಕೇಪ್ ಒತ್ತುವುದರಲ್ಲೂ ಒಂದು ಹದ ಇದೆ. ಗಾಬರಿಯಲ್ಲಿ ಟಕಟಕ ಒತ್ತಿದರೆ ಮೆನು ದಾಟಿ 'ಗ್ರಬ್' ಎಂಬ ಬರೀ ಸಾಲಿಗೆ ಹೋಗಿಬಿಡುತ್ತದೆ. ಹೆದರಬೇಡಿ, ಆಫ್ ಮಾಡಿ ಮತ್ತೆ ನೋಡಿ. ಹಳೇ ಬಯಾಸ್ ಕಂಪ್ಯೂಟರಾದರೆ ಎಸ್ಕೇಪ್ ಬದಲು ಶಿಫ್ಟ್ ಹಿಡಿದುಕೊಳ್ಳಬೇಕು. ಹಳೇ ಕರ್ನಲ್‌ನಲ್ಲೂ ಕಪ್ಪೇ ಬಂದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಲಾಗಿನ್ ಕೇಳುವ ಅಕ್ಷರದ ಪರದೆ ಬಂದರೆ ಸಿಸ್ಟಂ ಜೀವಂತ, ಚಿತ್ರದ ಭಾಗ ಮಾತ್ರ ಬಿದ್ದಿದೆ. ಅಲ್ಲಿ ಡಿಎಫ್ (df) ಕಮಾಂಡಿನಿಂದ ಜಾಗ ಎಷ್ಟಿದೆ ನೋಡಿ. ರೂಟ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಸಿಸ್ಟಂ ಕೂತಿರುವ ಭಾಗ) ನೂರಕ್ಕೆ ನೂರು ತುಂಬಿದರೂ ಡೆಸ್ಕ್‌ಟಾಪ್ ಏಳದೆ ಹೋಗಬಹುದು. ಆ ಅಕ್ಷರದ ಪರದೆಯೂ ಬರದಿದ್ದರೆ ಗ್ರಬ್ ಮೆನುವಿನಲ್ಲಿ ಇ (e) ಒತ್ತಿ, 'ಲಿನಕ್ಸ್' (linux) ಎಂದು ಶುರುವಾಗುವ ಸಾಲಿನಲ್ಲಿ 'ಕ್ವಯಟ್ ಸ್ಪ್ಲಾಷ್' (quiet splash) ತೆಗೆದು 'ನೋಮೋಡ್‌ಸೆಟ್' (nomodeset) ಬರೆದು ಎಫ್10 ಒತ್ತಿ. ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ, ಮುಂದಿನ ಸಲಕ್ಕೆ ತಾನೇ ಅಳಿಸಿಹೋಗುತ್ತದೆ, ಭಯ ಬೇಡ.

ನಾನು ಆ ಹಳೇ ಕರ್ನಲ್‌ನಲ್ಲೇ ಕೂತು ರನ್ ಫೈಲಿನ ಡ್ರೈವರ್ ಕಿತ್ತು, ಉಬುಂಟುವಿನದೇ 'ಅಡಿಷನಲ್ ಡ್ರೈವರ್ಸ್' ಕಿಟಕಿಯಿಂದ ಹಾಕಿಕೊಂಡೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಏಳದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದವರಿಗೆ ಆಮೇಲೆ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆಯೊಂದು 'ಎನ್‌ರೋಲ್ ಮೋಕ್' ಎಂದು, ಅಂದರೆ ಡ್ರೈವರಿನ ಸಹಿಯ ಕೀಲಿಯನ್ನು ಒಪ್ಪಿಕೊಳ್ಳಲಾ ಎಂದು, ಕೇಳಬಹುದು. ವೈರಸ್ ಎಂದು ತಿಳಿದು ದಾಟಿಸಬೇಡಿ, ದಾಟಿಸಿದರೆ ಡ್ರೈವರ್ ಲೋಡ್ ಆಗದೇ ಇರಬಹುದು.

ಅಂಗಡಿಗೆ ಕೊಡಲೇಬೇಕು ಅನ್ನುವ ಹಾಗಿದ್ದರೆ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟು ಕೊಡಿ. ಇಲ್ಲವಾದರೆ ಉಬುಂಟು ಪೆನ್‌ಡ್ರೈವ್‌ನಿಂದ 'ಟ್ರೈ ಉಬುಂಟು' ಎಂದು ಎಬ್ಬಿಸಿ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಂಡು ಕೊಡಿ. ಫೋನಿನಲ್ಲಿ ಹ್ಞೂಂ ಅನ್ನಬೇಡಿ.

ಹೋದ ಡಿಸ್ಕ್ ಮೇಲೆ ಏನೂ ಬರೆಯದೆ, ಕಳೆದುಹೋದ ಫೈಲು ಹುಡುಕುವ ಫೋಟೊರೆಕ್ ಎಂಬ ತಂತ್ರಾಂಶ ಓಡಿಸಿದೆ. ಸಿಕ್ಕಿದ್ದನ್ನೆಲ್ಲ ಬೇರೆ ಡಿಸ್ಕ್‌ಗೆ ಇಳಿಸಿಕೊಂಡೆ. ಅದು ಫೈಲುಗಳನ್ನು ತಂದುಕೊಡುತ್ತದೆ, ಹೆಸರು ತರುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ನಂಬರ್, ಅಂಥವು ಸಾವಿರಗಟ್ಟಲೆ. ಅರ್ಧಕ್ಕರ್ಧ ತೆರೆಯುವುದೇ ಇಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಇಪ್ಪತ್ತು ಫೈಲ್ ತೆರೆದು ನೋಡುತ್ತೇನೆ. ನಿನ್ನೆ ಒಂದರಲ್ಲಿ ಬಾಳೆಕಂಬ ಕಟ್ಟಿದ ಹಸಿರು ಬಾಗಿಲು ಕಂಡಿತು. ಯಾರ ಮನೆಯ ಗೃಹಪ್ರವೇಶ ಎಂದು ಇನ್ನೂ ನೆನಪಾಗಿಲ್ಲ.