ಶಿವಮೊಗ್ಗದಿಂದ ತಿರುಪತಿಗೆ ಸ್ಟಾರ್ ಏರ್: ಮಂಡಿನೋವಿನ ಅತ್ತೆಯವರ ಜೊತೆ

ವಯಸ್ಸಾದವರಿಗೆ ತಿಮ್ಮಪ್ಪನ ದರ್ಶನ ಮಾಡಿಸಬೇಕು ಎಂದುಕೊಂಡಿರುವ ಚಿಕ್ಕಮಗಳೂರಿನವರಿಗೆ ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ಹೊರಡುವ ಸ್ಟಾರ್ ಏರ್ ವಿಮಾನದಲ್ಲಿ ಅವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ದರ್ಶನದ ಟಿಕೆಟನ್ನು ಮಾತ್ರ ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಎರಡೂ ಮಂಡಿ ಸವೆದಿವೆ. ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಮಡಚಿ ಕೂರುವುದು ಅವರಿಂದ ಆಗದ ಮಾತು. 2025ರಿಂದ ಚಿಕ್ಕಮಗಳೂರಿನಿಂದಲೇ ತಿರುಪತಿಗೆ ರೈಲಿದೆ, ಆದರೆ ವಾರಕ್ಕೊಂದೇ. ಬೆಂಗಳೂರಿಗೆ ಹೋಗಿ ವಿಮಾನ ಹತ್ತೋಣವೆಂದರೆ ದೇವನಹಳ್ಳಿ ಮುಟ್ಟುವಷ್ಟರಲ್ಲೇ ಅರ್ಧ ದಿನ ಕಳೆದಿರುತ್ತದೆ, ಆಮೇಲೆ ಆ ದೊಡ್ಡ ಟರ್ಮಿನಲ್ಲಿನೊಳಗೆ ನಡೆಯುವುದು ಬೇರೆ. ಶಿವಮೊಗ್ಗದ ಕಡೆ ಹಾಗಲ್ಲ. ಲಿಂಗದಹಳ್ಳಿ, ತರೀಕೆರೆ, ಭದ್ರಾವತಿ ದಾಟಿದರೆ ಸೋಗಾನೆ ಬಂತು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, ಕುವೆಂಪು ಅವರ ಹೆಸರಿನ ಈ ನಿಲ್ದಾಣ ಚಿಕ್ಕದು, ಅಚ್ಚುಕಟ್ಟಾದದ್ದು. ಕಾರು ಇಳಿದಲ್ಲಿಂದ ತಪಾಸಣೆ ಮುಗಿಸಿ ಕುರ್ಚಿ ಸೇರುವವರೆಗೆ ಅತ್ತೆ ಎಲ್ಲಿಯೂ ದಣಿದು ನಿಲ್ಲಲಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಸ್ಟಾರ್ ಏರ್ 2019ರಲ್ಲಿ ಹಾರಾಟ ಆರಂಭಿಸಿದ, ಸಂಜಯ್ ಘೋಡಾವತ್ ಸಮೂಹದ ಸಂಸ್ಥೆ. ಅದರ ಮೊದಲ ವಿಮಾನ ಹಾರಿದ್ದು ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ. ನಾವು ಹತ್ತಿದ್ದು ಬ್ರೆಜಿಲ್ಲಿನ ಎಂಬ್ರೇಯರ್ ಕಂಪನಿಯ ಇ175. ಒಟ್ಟು 76 ಸೀಟು, ಅದರಲ್ಲಿ ಮುಂದಿನ 12 ಬಿಸಿನೆಸ್ ದರ್ಜೆಯವು. ಈ ವಿಮಾನದ ನಿಜವಾದ ಸುಖ ಇರುವುದು ಇಲ್ಲಿ: ನಮ್ಮ ದರ್ಜೆಯಲ್ಲಿ ಓಡಾಡುವ ದಾರಿಯ ಆಚೆಗೆ ಎರಡು, ಈಚೆಗೆ ಎರಡು ಸೀಟು, ನಡುವಿನ ಸೀಟು ಎಂಬುದೇ ಇಲ್ಲ. ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿ ನಾನು ಪಕ್ಕದಲ್ಲಿ ಕುಳಿತೆ. ಅವರು ಮಂಡಿ ತಿಕ್ಕಿಕೊಂಡರೂ, ಸೆರಗು ಸರಿಮಾಡಿಕೊಂಡರೂ ಅಪರಿಚಿತರ ಮುಂದೆ ಸಂಕೋಚಪಡಬೇಕಾಗಲಿಲ್ಲ. ಮೇಲೇರಿದ ಮೇಲೆ ಭದ್ರಾ ಅಚ್ಚುಕಟ್ಟಿನ ಅಡಿಕೆ ತೋಟಗಳು ಕಂಡವು. "ಇಷ್ಟು ತೋಟಕ್ಕೆ ಕೊನೆ ತೆಗೆಯುವವರು ಎಲ್ಲಿಂದ ಬರುತ್ತಾರೆ ಹೇಳು" ಎಂದು ಅತ್ತೆ ಕೇಳಿದರು. ತವರಿನ ತೋಟದಲ್ಲಿ ಆಳು ಸಿಗದ ಚಿಂತೆ ಅವರದು.

ಮಂಡಿನೋವಿನವರು ತಿಳಿದಿರಬೇಕಾದದ್ದು ಇನ್ನೊಂದಿದೆ. ಸೋಗಾನೆಯಲ್ಲಿ ಏರೋಬ್ರಿಡ್ಜ್, ಅಂದರೆ ಟರ್ಮಿನಲ್ಲಿನಿಂದ ನೇರ ವಿಮಾನದ ಬಾಗಿಲಿಗೆ ನಡೆದು ಹೋಗುವ ಸೇತುವೆ, ಇಲ್ಲ, ಮೆಟ್ಟಿಲು ಹತ್ತಿಯೇ ವಿಮಾನದೊಳಗೆ ಹೋಗಬೇಕು. ಸಿಬ್ಬಂದಿಯ ಹುಡುಗಿಯೊಬ್ಬಳು "ಅವಸರ ಬೇಡ ಅಜ್ಜಿ, ಒಂದೊಂದೇ ಹೆಜ್ಜೆ ಇಡಿ" ಎನ್ನುತ್ತಾ ಕೈ ಹಿಡಿದು ಹತ್ತಿಸಿದಳು. ಹಿಂದಿನವರನ್ನೆಲ್ಲ ಅಷ್ಟು ಹೊತ್ತು ತಡೆದು ನಿಲ್ಲಿಸಿದ್ದಳು. ಆ ಮಗುವಿಗೆ ಒಳ್ಳೆಯದಾಗಲಿ.

ಬೇಸರವಾದದ್ದು ಟಿಕೆಟ್ ಕೊಂಡ ಆನ್‌ಲೈನ್ ತಾಣದ ಮೇಲೆ. ಗಾಲಿಕುರ್ಚಿ ಬೇಕೆಂದು ಗುರುತು ಹಾಕಿ ಹಣ ಕಟ್ಟಿದ್ದರೂ ಆ ಕೋರಿಕೆಯನ್ನು ಅವರು ಮುಂದಕ್ಕೆ ಕಳುಹಿಸಿರಲಿಲ್ಲ. ಅನುಮಾನ ಬಂದು ವಿಮಾನ ಸಂಸ್ಥೆಗೇ ಕರೆ ಮಾಡಿದಾಗ ವಿಷಯ ತಿಳಿಯಿತು. ಸೇವಾ ಶುಲ್ಕವನ್ನಂತೂ ತಪ್ಪದೆ ಕಿತ್ತುಕೊಂಡಿದ್ದರು. ಹಿರಿಯರ ಟಿಕೆಟನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ಕೊಳ್ಳಿ.

ಸಾಮಾನಿನ ವಿಷಯ. ಕಡೂರಿನ ನೆಂಟರು ಕೊಟ್ಟ ಒಣಕೊಬ್ಬರಿಯನ್ನು ದೇವರಿಗೆಂದು ದೊಡ್ಡ ಚೀಲದಲ್ಲಿ ತುಂಬಿಕೊಂಡು ಹೋಗಬೇಡಿ. ಅದರಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ ಎಂಬ ಕಾರಣಕ್ಕೆ ನಿಷೇಧವಿದೆ. ನಮ್ಮ ಮುಂದಿದ್ದ ಕುಟುಂಬ ಚೀಲ ಬಿಚ್ಚಿ ತೆಗೆಯಬೇಕಾಯಿತು. ಕಾಫಿಪುಡಿಗೆ ಯಾರೂ ಏನೂ ಅನ್ನಲಿಲ್ಲ.

ತಿರುಪತಿಯ ನಿಲ್ದಾಣ ಇರುವುದು ರೇಣಿಗುಂಟದಲ್ಲಿ. ಅಲ್ಲಿಂದ ಟ್ಯಾಕ್ಸಿ ಹಿಡಿದು ಅಲಿಪಿರಿಯಲ್ಲಿ ತಪಾಸಣೆ ಮುಗಿಸಿ ಬೆಟ್ಟ ಹತ್ತಬೇಕು. ಅರವತ್ತೈದು ದಾಟಿದವರಿಗೆ ದೇವಸ್ಥಾನದ ಆಡಳಿತ ನೋಡಿಕೊಳ್ಳುವ ಟಿಟಿಡಿ ಪ್ರತ್ಯೇಕ ದರ್ಶನಕ್ಕೆ ಅವಕಾಶ ಕೊಡುತ್ತದೆ, ಆನ್‌ಲೈನಿನಲ್ಲಿ ಮುಂಚಿತವಾಗಿಯೇ ಕಾದಿರಿಸಬೇಕು. ಅದರಲ್ಲಿ ದಿನ, ಹೊತ್ತು ಎರಡೂ ನಿಗದಿಯಾಗಿರುತ್ತವೆ. ಮಲೆನಾಡಿನ ಮಂಜು, ಮಳೆಗಾಲದ ಮೋಡ ಯಾರ ಮಾತನ್ನೂ ಕೇಳುವುದಿಲ್ಲ. ವಿಮಾನ ಪ್ರತಿದಿನವೂ ಇಲ್ಲ, ಒಂದು ತಪ್ಪಿದರೆ ಅದರ ಹಿಂದೆಯೇ ಇನ್ನೊಂದು ಬರುವುದಿಲ್ಲ. ಅದಕ್ಕೇ ಒಂದು ದಿನ ಮೊದಲೇ ತಲುಪಿ ಎಂದದ್ದು.

ಈ ಮಾರ್ಗ ಉಳಿಯಬೇಕು ಎಂಬುದು ನನ್ನ ಆಸೆ. ಉಡಾನ್ ಯೋಜನೆಯಡಿ ಸಣ್ಣ ಊರುಗಳ ಮಾರ್ಗಗಳಿಗೆ ಸರ್ಕಾರ ನಷ್ಟ ತುಂಬಿಕೊಡುವುದು ಸಾಮಾನ್ಯವಾಗಿ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬದಿದ್ದರೆ ವಿಮಾನ ಬೇರೆ ಊರಿಗೆ ಹೋಗುತ್ತದೆ. ಬೀದರಿನವರು ಇದನ್ನು ಅನುಭವಿಸಿದ್ದಾರೆ: 2023ರ ಕೊನೆಗೆ ನಿಂತ ಬೆಂಗಳೂರಿನ ವಿಮಾನ ಮತ್ತೆ ಹಾರಿದ್ದು 2025ರಲ್ಲಿ. ನಮ್ಮ ಕಡೆ ವಿಮಾನವೆಂದರೆ ಪ್ರವಾಸಿಗರನ್ನು ಕರೆತರುವ ಸಾಧನ ಎಂದೇ ಮಾತು. ಮುಳ್ಳಯ್ಯನಗಿರಿಗೆ ಬರುವವರಿಗೆ ದಾರಿ ಹೇಗೋ ಸಿಗುತ್ತದೆ. ಮನೆ ಬಿಟ್ಟು ಹೊರಡಲಾಗದ ನಮ್ಮ ಹಿರಿಯರಿಗೆ ಈ ವಿಮಾನ ಹೆಚ್ಚು ಬೇಕು. ಹೊರಡುವ ದಿನಗಳು ಬದಲಾಗುತ್ತಿರುತ್ತವೆ, ಹಣ ಕಟ್ಟುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ.