ಅಲೆಂತೇಜು ವೈನ್, ಕಡುಬು, ಹಂದಿ ಸಾರು

ಭಾವ ಲಿಸ್ಬನ್‌ನಿಂದ ಬರೋವಾಗ ಅಲೆಂತೇಜು ಕಡೆ ವೈನ್ ಎರಡು ಬಾಟ್ಲಿ ತಂದಿದ್ರು, ಹೋದ ಭಾನುವಾರ ಮೂಡಿಗೆರೆ ಹತ್ರ ನಮ್ಮ ತೋಟದ ಮನೇಲಿ ಹೊರಗೆ ಜೋರು ಮಳೆ ಒಳಗೆ ನಾವು ಬಾಟ್ಲಿ ಬಿಚ್ಕೊಂಡು ಕೂತ್ವಿ. ಅಲೆಂತೇಜು ಅಂದ್ರೆ ಪೋರ್ಚುಗಲ್‌ನ ದಕ್ಷಿಣದ ಬಿಸಿಲು ಸೀಮೆ, ಬೇಸಿಗೇಲಿ 40 ಡಿಗ್ರಿ ದಾಟುತ್ತೆ, ಬಾಟ್ಲಿ ಮುಚ್ಚೋ ಕಾರ್ಕ್ ಮರಾನೂ ಅಲ್ಲೇ ಜಾಸ್ತಿ ಬೆಳೆಯೋದು.

ಒಂದು ಬಿಳಿ ವೈನ್, ಆಂತಾವ್ ವಾಜ್ ಮತ್ತೆ ಅರಿಂತು ಅನ್ನೋ ಎರಡು ದ್ರಾಕ್ಷಿ ಸೇರಿಸಿ ಮಾಡಿದ್ದು. ಮೊದಲನೇದು ಬಿಸಿಲು ತಡ್ಕೊಳ್ಳುತ್ತೆ, ಅದ್ರ ವೈನ್ ಬಾಯಲ್ಲಿ ಗಟ್ಟಿಯಾಗಿ ತುಂಬ್ಕೊಳ್ಳುತ್ತೆ, ಆದ್ರೆ ಹುಳಿ ಕಮ್ಮಿ, ಆ ಹುಳಿ ಕೊಡೋಕೇ ಅರಿಂತು ಬೆರೆಸ್ತಾರೆ. ಚಕ್ಕೋತದ ಸಿಪ್ಪೆ ಕಿವುಚಿದಂಗೆ ಘಮ, ಚೆನ್ನಾಗಿತ್ತು.

ನಿಜವಾಗ್ಲೂ ಮನಸ್ಸು ಗೆದ್ದಿದ್ದು ಕೆಂಪು. ಅರಗೊನೇಜ್ (ಸ್ಪೇನ್‌ನವರು ಟೆಂಪ್ರನಿಯೊ ಅಂತಾರಲ್ಲ ಅದೇ), ಟ್ರಿಂಕಡೈರಾ, ಅಲಿಕಾಂತೆ ಬೂಶೆ ಮೂರೂ ದ್ರಾಕ್ಷಿ ಸೇರಿದ್ದು. ಬೂಶೆ ಹುಟ್ಟಿದ್ದು ಫ್ರಾನ್ಸಲ್ಲಿ, ಈಗ ಅಲೆಂತೇಜು ಮನೆಮಗನೇ ಆಗೋಗಿದೆ, ಸಿಪ್ಪೆ ಮಾತ್ರ ಅಲ್ಲ ಒಳಗಿನ ತಿರುಳೂ ಕೆಂಪು, ಅದಕ್ಕೇ ಲೋಟ ತೊಳೆದ್ರೂ ತಳದಲ್ಲಿ ನೇರಳೆ ಹಣ್ಣು ತಿಂದ ನಾಲಿಗೆ ಥರ ಬಣ್ಣ ಉಳ್ಕೊಂಡಿತ್ತು. ಅತ್ತೆ ಕಾಳುಮೆಣಸು ಜಾಸ್ತಿ ಹಾಕಿ ಮಾಡಿದ್ದ ಹಂದಿ ಸಾರು, ಬಿಸಿ ಕಡುಬು, ಅದ್ರ ಜೊತೆ ಟ್ರಿಂಕಡೈರಾದ ಆ ಸೊಪ್ಪಿನಂಥ ಖಾರ ಎಷ್ಟು ಚೆಂದ ಹೊಂದ್ಕೊಳ್ತು ಅಂದ್ರೆ ಅತ್ತೇನೂ ಇನ್ನೊಂಚೂರು ಹಾಕಪ್ಪಾ ಅಂದ್ರು!

ಆಮೇಲೆ ಒಂದು ಅಂಗಡೀಲಿ ಇದೇ ಥರದ್ದು ತಗೊಂಡ್ರೆ ಬಿಸಿಲಿಗೆ ನಿಲ್ಸಿಟ್ಟು ಕೆಡಿಸಿದ್ರು, ಬೇಯಿಸಿದ ದ್ರಾಕ್ಷಿ ವಾಸನೆ, ತುಂಬಾ ಬೇಜಾರಾಯ್ತು. ತಗೊಳ್ಳೋವಾಗ ನೆರಳಲ್ಲಿ ಮಲಗಿಸಿಟ್ಟಿದ್ದು ಕೇಳಿ. ಕೆಂಪನ್ನೂ 20 ನಿಮಿಷ ಫ್ರಿಜ್‌ನಲ್ಲಿಟ್ಟು ಕುಡೀರಿ.